ಕಾರು ಮೆಲ್ಲಗೆ ತಾಗಿತು, ಕುತ್ತಿಗೆ ಮರುದಿನ ಹಿಡಿಯಿತು: ಕಲಬುರಗಿಗೆ ಹೊಸದಾಗಿ ಬಂದವರಿಗೆ

ಬ್ಯಾಂಕು, ರೈಲ್ವೆ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ಹೀಗೆ ಯಾವುದೋ ಒಂದು ಆರ್ಡರ್ ಹಿಡಿದು ಮೈಸೂರು, ಹಾಸನ, ಶಿವಮೊಗ್ಗ ಕಡೆಯಿಂದ ಬಂದಿರುತ್ತೀರಿ. ಮನೆ, ಶಾಲೆ, ಗ್ಯಾಸು, ಬೇಸಿಗೆಯ ನೀರು, ಇವೆಲ್ಲ ಕೈಪಿಡಿಯ ಬೇರೆ ಭಾಗಗಳಲ್ಲಿವೆ. ಈ ಭಾಗವನ್ನು ನಾನೇ ಹಟ ಮಾಡಿ ಕೇಳಿ ಬರೆಯುತ್ತಿದ್ದೇನೆ. "ಸಣ್ಣ ಆಕ್ಸಿಡೆಂಟಿಗೆ ಇಷ್ಟು ಪುಟ ಬೇಕಾ?" ಎಂದು ಈ ಕೈಪಿಡಿ ತರುತ್ತಿರುವ ನಮ್ಮ ಸಂಘದಲ್ಲಿ ಕೇಳಿದರು. ದೊಡ್ಡ ಆಕ್ಸಿಡೆಂಟ್ ಆದರೆ ಆಂಬುಲೆನ್ಸ್ ಬರುತ್ತದೆ, ಪೊಲೀಸರು ಬರುತ್ತಾರೆ, ಕಾಗದಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ಸಣ್ಣದರಲ್ಲಿ ಯಾರೂ ಬರುವುದಿಲ್ಲ. ಎಲ್ಲ ನೀವೇ ಮಾಡಿಕೊಳ್ಳಬೇಕು.

ನಾವು ಬಂದು 3 ತಿಂಗಳಾಗಿತ್ತು. ಸೂಪರ್ ಮಾರ್ಕೆಟ್‌ನಿಂದ ವಾಪಸ್ ಬರುವಾಗ ಜಗತ್ ವೃತ್ತದ ಹತ್ತಿರ ಮುಂದಿನ ಆಟೋ ನಿಂತಿತು, ನಾನೂ ನಿಲ್ಲಿಸಿದೆ. ಹಿಂದಿನ ಕಾರು ನಿಲ್ಲಲಿಲ್ಲ. ದಡ್ ಅಂತ ಒಂದು ಸದ್ದು, ಅಷ್ಟೇ. ಇಳಿದು ನೋಡಿದರೆ ಬಂಪರ್ ಮೇಲೆ ಬೆರಳುದ್ದದ ಗೀರು. ಆ ಮನುಷ್ಯ ಕೈ ಮುಗಿದ. "ಏನೂ ಆಗಿಲ್ರಿ ಸರ, ಬರೇ ಗೀರು ಬಿದ್ದದ. ಪೊಲೀಸು ಗಿಲೀಸು ಯಾಕ್ರಿ, ಬರ್ರಿ ಚಾ ಕುಡಿಯೋಣು." ನನ್ನ ಹೆಂಡತಿ ಕಾರಿನೊಳಗಿಂದಲೇ "ಪಾಪ, ಬಿಟ್ಬಿಡಿ" ಎಂದಳು. ಚಹಾ ಕುಡಿದೆವು. ಪೇಂಟಿಗೆಂದು 500 ರೂಪಾಯಿ ಕೊಟ್ಟ. ಗಾಡಿ ನಂಬರಿನ ಫೋಟೋ ತೆಗೆಯುವುದು ಮುಜುಗರ ಅನ್ನಿಸಿತು, ತೆಗೆಯಲಿಲ್ಲ. ಮನೆಗೆ ಬಂದು ಮಲಗಿದೆವು.

ಬೆಳಿಗ್ಗೆ ಅವಳಿಗೆ ಕುತ್ತಿಗೆ ತಿರುಗಿಸಲು ಆಗಲಿಲ್ಲ. ಎಡ ಭುಜದಿಂದ ಮೊಣಕೈವರೆಗೆ ಎಳೆತ. ಅದು ಪೂರ್ತಿ ಹೋಗಲು 4 ತಿಂಗಳು ಹಿಡಿಯಿತು.

ನೋವು ಯಾಕೆ ತಡವಾಗಿ ಬರುತ್ತದೆ

ಹಿಂದಿನಿಂದ ಗುದ್ದಿದಾಗ ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ. ತಲೆ ಮಾತ್ರ ಒಂದು ಕ್ಷಣ ಇದ್ದಲ್ಲೇ ಉಳಿಯುತ್ತದೆ. ಆಮೇಲೆ ಹಿಂದಕ್ಕೆ ಬಾಗಿ, ಜೋರಾಗಿ ಮುಂದಕ್ಕೆ ಬರುತ್ತದೆ. ಕುತ್ತಿಗೆಯ ಸ್ನಾಯು, ಲಿಗಮೆಂಟುಗಳು ಎಳೆದುಕೊಳ್ಳುತ್ತವೆ. ಡಾಕ್ಟರು ಚೀಟಿಯಲ್ಲಿ ಸಾಫ್ಟ್ ಟಿಶ್ಯೂ ಇಂಜುರಿ ಎಂದೋ ವಿಪ್‌ಲ್ಯಾಶ್ ಎಂದೋ ಬರೆಯುವುದು ಇದನ್ನೇ. ಬಾವು ಏರಲು ಸಮಯ ಬೇಕು, ಹಾಗಾಗಿ ನೋವು ಮರುದಿನವೋ ಮೂರನೇ ದಿನವೋ ತಲೆ ಎತ್ತುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಸ್ನಾಯು ಕಾಣುವುದಿಲ್ಲ. ಹಾಗಾಗಿ "ಎಕ್ಸ್‌ರೇ ನಾರ್ಮಲ್" ಎಂದರೆ ಮೂಳೆ ಮುರಿದಿಲ್ಲ ಎಂದಷ್ಟೇ ಅರ್ಥ. ಈಗಿನ ಬಂಪರ್‌ಗಳು ಪ್ಲಾಸ್ಟಿಕ್ಕಿನವು, ನಿಧಾನದ ಹೊಡೆತಕ್ಕೆ ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತವೆ. ಕಾರಿಗೆ ಏನೂ ಆಗಿಲ್ಲ, ಆದ್ದರಿಂದ ಒಳಗಿದ್ದವರಿಗೂ ಏನೂ ಆಗಿಲ್ಲ ಎಂಬ ಲೆಕ್ಕ ತಪ್ಪು. ಆದರೆ ಕೋರ್ಟಿನಲ್ಲಿ ನಿಮಗೆ ಎದುರಾಗುವುದು ಅದೇ ಲೆಕ್ಕ.

ಕೈಕಾಲು ಜೋಮು ಹಿಡಿದರೆ, ಶಕ್ತಿ ಕಡಿಮೆಯಾದರೆ, ವಾಂತಿ ಬಂದರೆ, ತಲೆನೋವು ಏರುತ್ತಾ ಹೋದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಇದನ್ನು ಓದುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಉಳಿದಂತೆ ಡಾಕ್ಟರು ಹೇಳಿದ ಹಾಗೆ ಮೆಲ್ಲಗೆ ಕುತ್ತಿಗೆ ಆಡಿಸುತ್ತಿರಬೇಕು. ಕಾಲರ್ ಹಾಕಿಕೊಂಡು ವಾರಗಟ್ಟಲೆ ಮಲಗಿದರೆ ಸ್ನಾಯು ಇನ್ನೂ ಸೋಲುತ್ತದೆ. ಇನ್ನೊಂದು ಮಾತು: ಕಾರಿನ ಹೆಡ್‌ರೆಸ್ಟ್ ಮೇಲಕ್ಕೆ ಎಳೆದು ತಲೆಯ ಮಟ್ಟಕ್ಕೆ ಇಡಿ. ನಮ್ಮದು ಕೊಂಡ ದಿನದಿಂದ ಕೆಳಗೇ ಇತ್ತು.

ಮೊದಲ ದಿನ

ಇದೇ ಮುಖ್ಯ. ನೋವು ನಾಳೆ ಬರಲಿ, ಕಾಗದ ಇವತ್ತೇ ಆಗಬೇಕು.

ಸ್ಥಳದಲ್ಲಿ ಎರಡೂ ಗಾಡಿಗಳ ಫೋಟೋ, ನಂಬರ್ ಪ್ಲೇಟು, ರಸ್ತೆ, ಅಕ್ಕಪಕ್ಕದ ಅಂಗಡಿಯ ಬೋರ್ಡು ಎಲ್ಲ ತೆಗೆಯಿರಿ. ಅಂಗಡಿಯಲ್ಲಿ ಕ್ಯಾಮೆರಾ ಇದ್ದರೆ ಮಾತಾಡಿಸಿ ಇಡಿ, ಕೆಲವು ದಿನಕ್ಕೆ ಅಳಿಸಿ ಹೋಗುತ್ತದೆ. ಎದುರಿನವರ ಲೈಸೆನ್ಸ್, ವಿಮೆ ನೋಡಿ. ತೋರಿಸಲು ಹಿಂಜರಿದರೆ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ವಿಮೆ ಇದೆಯೋ ಮುಗಿದಿದೆಯೋ ತಿಳಿಯುತ್ತದೆ. 112ಕ್ಕೆ ಒಂದು ಕರೆ ಮಾಡಿ. ಆ ಕರೆಗೆ ದಿನ, ಗಂಟೆ ದಾಖಲಾಗಿರುತ್ತದೆ.

ಚಹಾ ಕುಡಿಯಿರಿ, ಬೇಡ ಅನ್ನುವುದಿಲ್ಲ. ಇಲ್ಲಿನವರ ಚಹಾ ಪ್ರೀತಿಯ ಚಹಾ. ಆದರೆ "ಎಲ್ಲ ಮುಗೀತು, ಯಾವ ತಕರಾರೂ ಇಲ್ಲ" ಎಂದು ಚೀಟಿ ಬರೆದುಕೊಡಬೇಡಿ. ನಮ್ಮ ಕಡೆಯವರ ದೊಡ್ಡ ರೋಗ ಈ ದಾಕ್ಷಿಣ್ಯ. ಆ ಮನುಷ್ಯನ ಜೇಬಿಗೆ ಕೈ ಹಾಕಿದ ಹಾಗಾಗುತ್ತದೆ ಎಂದು ನಮಗೆ ಸಂಕೋಚ. ಪರಿಹಾರ ಕೊಡಬೇಕಾದ್ದು ಅವರ ವಿಮೆ ಕಂಪನಿ. ವರ್ಷ ವರ್ಷ ಅವರು ಥರ್ಡ್ ಪಾರ್ಟಿ ಪ್ರೀಮಿಯಂ ಕಟ್ಟಿದ್ದು ಇದಕ್ಕೇ ಅಲ್ವಾ? ಕೇಸು ಅವರ ಹೆಸರಿನಲ್ಲಿ ಆಗುತ್ತದೆ ಅನ್ನುವುದು ನಿಜ, ಆದರೆ ಅದು ಜಾಮೀನು ಸಿಗುವ ಕೇಸು.

ಈಗ ಆಸ್ಪತ್ರೆ. ನೋವು ಇರಲಿ, ಇಲ್ಲದಿರಲಿ, ಅವತ್ತೇ ಹೋಗಿ ತೋರಿಸಿ. ಇಲ್ಲಿನ ಸರ್ಕಾರಿ ಆಸ್ಪತ್ರೆ ಜಿಮ್ಸ್ ಆಗಬಹುದು, ಇಎಸ್ಐ ಕಾರ್ಡ್ ಇದ್ದವರಿಗೆ ಸೇಡಂ ರಸ್ತೆಯ ಇಎಸ್ಐ ಆಸ್ಪತ್ರೆ ಆಗಬಹುದು, ಖಾಸಗಿಯೂ ಆಗಬಹುದು. ಬಾಯಿ ಬಿಟ್ಟು ಹೇಳಬೇಕಾದ ಮಾತು: "ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಹಿಂದಿನಿಂದ ಕಾರು ಗುದ್ದಿತು. ಎಂಎಲ್‌ಸಿ ಮಾಡಿ." ಎಂಎಲ್‌ಸಿ ಎಂದರೆ ಮೆಡಿಕೋ-ಲೀಗಲ್ ಕೇಸ್, ಪೊಲೀಸರಿಗೆ ತಿಳಿಸಬೇಕಾದ ಗಾಯ ಎಂದು ಆಸ್ಪತ್ರೆ ದಾಖಲಿಸುವುದು. ಅದು ಆದರೆ ಠಾಣೆಗೆ ಸುದ್ದಿ ಹೋಗುತ್ತದೆ, ಮುಂದೆ ವೂಂಡ್ ಸರ್ಟಿಫಿಕೇಟ್ (ಗಾಯದ ಪ್ರಮಾಣಪತ್ರ) ಬರುತ್ತದೆ.

ನಾವು ಮಾಡಿದ್ದೇನು ಗೊತ್ತಾ? ಮರುದಿನ ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. "ಹ್ಯಾಂಗಾಯ್ತ್ರಿ?" ಎಂದು ಕೇಳಿದರು. ಪೊಲೀಸು, ಕೋರ್ಟು ಅಂತ ಸುಮ್ನೆ ಯಾಕೆ ಎಂದು ನನ್ನವಳು "ಬೆಳಿಗ್ಗೆ ಏಳುವಾಗ ಹಿಡ್ಕೊಂಡಿತ್ತು" ಎಂದಳು. ಚೀಟಿಯಲ್ಲಿ ಹಾಗೇ ಬರೆದರು: ಬೆಳಿಗ್ಗೆಯಿಂದ ಕುತ್ತಿಗೆ ನೋವು. ಕಾರಿನ ಮಾತೇ ಇಲ್ಲ. ಒಂದೂವರೆ ವರ್ಷದ ಮೇಲೆ ಟ್ರಿಬ್ಯೂನಲ್‌ನಲ್ಲಿ (ವಾಹನ ಅಪಘಾತದ ಪರಿಹಾರ ತೀರ್ಮಾನಿಸುವ ಕೋರ್ಟು) ವಿಮೆ ಕಂಪನಿಯ ವಕೀಲರು ಆ ಸಾಲನ್ನು ಎರಡು ಸಲ ಓದಿದರು. ಎರಡನೇ ಸಲ ನಿಧಾನಕ್ಕೆ ಓದಿದರು. ಸಾಕ್ಷಿ ಕಟ್ಟೆಯಲ್ಲಿ ನಿಂತ ಅವಳ ಮುಖ ನನಗೆ ಇನ್ನೂ ನೆನಪಿದೆ. ಅವರು ಸುಳ್ಳು ಹೇಳಲಿಲ್ಲ, ನಮ್ಮ ಚೀಟಿಯನ್ನೇ ಓದಿದರು.

ಆಮೇಲೆ ಉಳುಕು ತೆಗೆಯುವವರು. ಊರಲ್ಲಿ ಹಾಗೇ ಅಲ್ವಾ, ಎಣ್ಣೆ ಹಚ್ಚಿ ಒಂದು ಸಲ ಎಳೆದರೆ ಆಯಿತು. ನಾವೂ ಮೂರು ಸಲ ಹೋದೆವು. ಮೊದಲನೆಯದಾಗಿ, ಗುದ್ದಿಸಿಕೊಂಡ ಕುತ್ತಿಗೆಯನ್ನು ಯಾರ ಕೈಗೂ ಕೊಟ್ಟು ತಿರುವಿಸಿಕೊಳ್ಳಬಾರದು, ಅಪಾಯ. ಎರಡನೆಯದಾಗಿ, ಅಲ್ಲಿ ಬಿಲ್ಲು ಇಲ್ಲ, ಹೆಸರಿಲ್ಲ, ದಿನಾಂಕವಿಲ್ಲ. ಆ ಎರಡು ವಾರ ನಮ್ಮ ಫೈಲಿನಲ್ಲಿ ಖಾಲಿ. ಖಾಲಿ ಎಂದರೆ "ನೋವಿರಲಿಲ್ಲ" ಎಂದು ಓದುತ್ತಾರೆ.

ಠಾಣೆ

ನಾನು ಹೋದದ್ದು 9ನೇ ದಿನ. "ಇಷ್ಟು ದಿನ ಏನ್ ಮಾಡ್ಲಕತ್ತಿದ್ರಿ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಗಾಡಿ ನಂಬರ್ ಹುಡುಕಲು ಚಹಾದಂಗಡಿಯ ಕ್ಯಾಮೆರಾಕ್ಕೆ ಕೈಮುಗಿಯಬೇಕಾಯಿತು. ಎಫ್‌ಐಆರ್ ತಡವಾಯಿತು ಎಂಬ ಒಂದೇ ಕಾರಣಕ್ಕೆ ಪರಿಹಾರದ ಅರ್ಜಿಯನ್ನು ಅನುಮಾನದಿಂದ ನೋಡಬಾರದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ತಡ ಮಾಡಿದವರು ಪ್ರತಿ ಮೆಟ್ಟಿಲಲ್ಲೂ ಕಾರಣ ಹೇಳುತ್ತಾ ಹತ್ತಬೇಕು.

ಫಿರ್ಯಾದಿಯನ್ನು ಕನ್ನಡದಲ್ಲೇ ಬರೆಯಿರಿ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇಲ್ಲಿಂದ ಸುಮಾರು 40 ಕಿ.ಮೀ. ಈ ನೆಲದಲ್ಲಿ ನಿಂತು ಅರ್ಧಂಬರ್ಧ ಇಂಗ್ಲಿಷಿನಲ್ಲಿ ದೂರು ಬರೆದು ಆಮೇಲೆ "ನಾನು ಹೇಳಿದ್ದು ಹಾಗಲ್ಲ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಹಿ ಹಾಕುವ ಮೊದಲು ಓದಿ. ಎಲ್ಲೆಲ್ಲಿ ನೋವಿದೆ ಎಂದು ಒಂದೊಂದನ್ನೂ ಬರೆಯಿರಿ. ಎಫ್‌ಐಆರ್ ಪ್ರತಿ ದೂರು ಕೊಟ್ಟವರಿಗೆ ಉಚಿತ. ಗಾಯವಾದ ಅಪಘಾತದ ಸುದ್ದಿ ಸಿಕ್ಕ 48 ಗಂಟೆಯೊಳಗೆ ಪೊಲೀಸರು ಮೊದಲ ವರದಿಯನ್ನು ಟ್ರಿಬ್ಯೂನಲ್‌ಗೂ ವಿಮೆ ಕಂಪನಿಗೂ ಕಳಿಸಬೇಕು, 90 ದಿನದೊಳಗೆ ವಿವರವಾದ ವರದಿ. ಇದು 2022ರಿಂದ ಬಂದ ನಿಯಮ. ವಿನಯದಿಂದ ಕೇಳಿ, ಕೇಳುತ್ತಲೇ ಇರಿ.

ಇಲ್ಲಿನ ಮಾತು ಸ್ವಲ್ಪ ತಿಳಿದಿರಲಿ. ನಾವು ಮಹಜರ್ ಅನ್ನುವುದು ಇಲ್ಲಿ ಪಂಚನಾಮೆ. "ಎಲ್ಲಿ ಬ್ಯಾನಿ ಅದ್ರಿ?" ಎಂದು ನರ್ಸ್ ಕೇಳಿದರೆ ನೋವು ಎಲ್ಲಿದೆ ಎಂದು. ನನ್ನ ಹೆಂಡತಿ ಮೊದಲ ಸಲ ಅರ್ಥವಾಗದೆ ತಲೆಯಾಡಿಸಿಬಿಟ್ಟಳು. ಬೇನೆ ಎಂಬುದು ನಮ್ಮದೇ ಹಳೆಯ ಕನ್ನಡ. ನಾವು ಮರೆತಿದ್ದೇವೆ, ಇವರು ಇಟ್ಟುಕೊಂಡಿದ್ದಾರೆ. ನಗಬೇಡಿ.

ಯಾರ ವಿಮೆ ಏನು ಕೊಡುತ್ತದೆ

- ಗುದ್ದಿದವರ ಥರ್ಡ್ ಪಾರ್ಟಿ ವಿಮೆ: ನಿಮ್ಮ ದೇಹದ ಗಾಯಕ್ಕೆ ಇದೇ ದಾರಿ.
- ನಿಮ್ಮದೇ ಕಾರಿನ ಓನ್ ಡ್ಯಾಮೇಜ್: ಬಂಪರ್‌ಗೆ ಮಾತ್ರ. ಕುತ್ತಿಗೆಗೆ ಅಲ್ಲ.
- ಮಾಲೀಕ-ಚಾಲಕರ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್: ಸಾವು, ಶಾಶ್ವತ ಅಂಗವೈಕಲ್ಯಕ್ಕೆ. ಉಳುಕಿಗೆ ಬರುವುದಿಲ್ಲ.
- ತಪ್ಪು ನಿಮ್ಮ ಕಾರಿನದೇ ಆಗಿದ್ದರೆ: ಪ್ಯಾಕೇಜ್ ಪಾಲಿಸಿಯಲ್ಲಿ (ಓನ್ ಡ್ಯಾಮೇಜ್, ಥರ್ಡ್ ಪಾರ್ಟಿ ಎರಡೂ ಸೇರಿದ್ದು) ಒಳಗೆ ಕೂತ ಅಜ್ಜಿ, ಮಕ್ಕಳಿಗೂ ರಕ್ಷಣೆ ಇದೆ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಇಲ್ಲ. ಎರಡು ಕಾಸು ಉಳಿಸಲು ಹೋಗಬೇಡಿ.
- ಮೆಡಿಕ್ಲೈಮ್: ಸಾಮಾನ್ಯವಾಗಿ ಅಡ್ಮಿಟ್ ಆದರೆ ಮಾತ್ರ. ಹೋಗಿಬರುವ ಫಿಸಿಯೋಗೆ ಸಿಗುವುದು ಕಡಿಮೆ.
- ಕೇಂದ್ರದ 2025ರ ನಗದುರಹಿತ ಚಿಕಿತ್ಸೆ ಯೋಜನೆ: ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ, 7 ದಿನ, ಹೆಚ್ಚೆಂದರೆ 1.5 ಲಕ್ಷ.
- ಗುದ್ದಿ ಓಡಿಹೋದವರ ಕೇಸು: ಸರ್ಕಾರದ 50,000 ರೂ. ತೀವ್ರ ಗಾಯಕ್ಕೆ ಮಾತ್ರ. ಸಾದಾ ಗಾಯಕ್ಕೆ ಏನೂ ಇಲ್ಲ. ನಂಬರ್ ಪ್ಲೇಟಿನ ಫೋಟೋ ಯಾಕೆ ಎಂದು ಈಗ ಗೊತ್ತಾಯಿತಾ?

ಸಾದಾ, ತೀವ್ರ ಎಂದು ವೂಂಡ್ ಸರ್ಟಿಫಿಕೇಟ್‌ನಲ್ಲಿ ಡಾಕ್ಟರು ಬರೆಯುತ್ತಾರೆ. ಮೂಳೆ ಮುರಿದಿಲ್ಲ ಎಂದರೆ ಸಾಮಾನ್ಯವಾಗಿ ಸಾದಾ. ಆದರೆ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ 15 ದಿನ ತೀವ್ರ ನೋವಿನಲ್ಲಿದ್ದರೆ, ಇಲ್ಲವೇ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಅದೂ ತೀವ್ರ ಗಾಯವೇ. ಹಳೆಯ ಐಪಿಸಿಯಲ್ಲಿ 20 ದಿನ ಇತ್ತು. ಇದು ಯಾಕೆ ಮುಖ್ಯ ಎಂದರೆ, ಯಾರ ತಪ್ಪು ಎಂದು ಸಾಬೀತು ಮಾಡದೆ 2.5 ಲಕ್ಷ ಸಿಗುವ, ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನ ದಾರಿ ತೀವ್ರ ಗಾಯಕ್ಕೆ ಮಾತ್ರ. ಸಾದಾ ಗಾಯದ ನಮ್ಮಂಥವರು ಹೋಗಬೇಕಾದ್ದು ಅದೇ ಕಾಯ್ದೆಯ 166ನೇ ಕಲಮಿನಲ್ಲಿ, ತಪ್ಪು ಎದುರಿನವರದು ಎಂದು ತೋರಿಸಿ.

ಟ್ರಿಬ್ಯೂನಲ್

ಅಪಘಾತವಾದ ದಿನದಿಂದ 6 ತಿಂಗಳೊಳಗೆ ಅರ್ಜಿ ಹಾಕಿ. ಹುಮನಾಬಾದಿನಲ್ಲೋ ಸೊಲ್ಲಾಪುರದಲ್ಲೋ ಗುದ್ದಿದ್ದರೂ ನೀವು ವಾಸವಿರುವ ಊರಿನಲ್ಲೇ ಹಾಕಬಹುದು. ಅಂದರೆ ಕಲಬುರಗಿಯ ಕೋರ್ಟಿನಲ್ಲೇ. ಬಾಡಿಗೆ ಕರಾರು, ಆಧಾರ್ ವಿಳಾಸ ಇಲ್ಲಿಯದಾಗಿರಲಿ.

ಸಣ್ಣ ಗಾಯಗಳಿಗೆ ಮುಖ್ಯವಾಗಿ ಮೂರು ಬಾಬ್ತು: ಚಿಕಿತ್ಸೆಯ ಖರ್ಚು (ಓಡಾಟ, ಪೌಷ್ಟಿಕ ಆಹಾರ ಸೇರಿ), ಆ ದಿನಗಳಲ್ಲಿ ಹೋದ ದುಡಿಮೆ, ನೋವು ಸಂಕಟ. ಶಾಶ್ವತ ಅಂಗವೈಕಲ್ಯಕ್ಕೆ ಡಾಕ್ಟರ ಗಟ್ಟಿ ಸಾಕ್ಷ್ಯ ಬೇಕು, ಉಳುಕಿನ ಕೇಸಿನಲ್ಲಿ ಅದು ಅಪರೂಪ. ನಾವು ಖರ್ಚು ಮಾಡಿದ್ದು 31,000 ಚಿಲ್ಲರೆ, ಬಿಲ್ಲು ಇದ್ದದ್ದು 11,200ಕ್ಕೆ. ಕೊನೆಗೆ ಲೋಕ್ ಅದಾಲತ್‌ನಲ್ಲಿ 28,000ಕ್ಕೆ ರಾಜಿಯಾದೆವು.

ರಾಜಿ ತಪ್ಪಲ್ಲ. ಲೋಕ್ ಅದಾಲತ್‌ನ ಆದೇಶದ ಮೇಲೆ ಅಪೀಲು ಇಲ್ಲ, ಅಲ್ಲಿಗೆ ಮುಗಿಯಿತು. ಟ್ರಿಬ್ಯೂನಲ್ ತೀರ್ಪಿನ ಮೇಲೂ, ವಿವಾದದ ಮೊತ್ತ 1 ಲಕ್ಷಕ್ಕಿಂತ ಕಡಿಮೆ ಇದ್ದರೆ ಹೈಕೋರ್ಟಿಗೆ ಹೋಗುವಂತಿಲ್ಲ. ಪೀಠ ಇದೇ ಊರಿನಲ್ಲಿದ್ದರೂ ನಮ್ಮ ಕುತ್ತಿಗೆ ಅಲ್ಲಿಯವರೆಗೆ ಹೋಗುವುದಿಲ್ಲ. ಹಾಗಾಗಿ ಕೆಳಗಿನ ಕೋರ್ಟಿನಲ್ಲೇ ಎಲ್ಲ ಕಾಗದ ಇಟ್ಟಿರಬೇಕು.

"ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಎಂದು ಆಸ್ಪತ್ರೆ ಬಾಗಿಲಲ್ಲೇ ಹಿಡಿಯುವವರಿದ್ದಾರೆ. ಹಾಗೆ ಫೀ ಮಾತಾಡಲು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದಲ್ಲೇ ಅವಕಾಶವಿಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ನನ್ನ ಹೆಂಡತಿಗೂ ಸಿಗುತ್ತಿದ್ದರು, ನನಗೆ ತಿಳಿದದ್ದು ಫೀ ಕೊಟ್ಟ ಮೇಲೆ.

ಮತ್ತೆ ಇದನ್ನು ಬರೆಯದೆ ಇರಲಾರೆ. ಎರಡು ದಿನದ ನೋವಿಗೆ ಐದು ದಿನ ಅಡ್ಮಿಟ್ ಆಗುವುದು, ಇಲ್ಲದ ಬಿಲ್ಲು ಮಾಡಿಸುವುದು, ಬೈಕಿನಿಂದ ತಾನೇ ಬಿದ್ದು ಯಾರದೋ ಕಾರಿನ ನಂಬರ್ ಕೊಡುವುದು, ಇಂಥವರು ನಮ್ಮ ಸಂಘಕ್ಕೆ ಬರಬೇಡಿ. ನಿಜವಾಗಿ ನೋವು ತಿಂದವರನ್ನು ಎಲ್ಲರೂ ಅನುಮಾನದಿಂದ ನೋಡುವುದು ನಿಮ್ಮಿಂದಲೇ.

ಫೈಲಿನಲ್ಲಿ ಇರಬೇಕಾದ್ದು

ಎಫ್‌ಐಆರ್, ಫಿರ್ಯಾದಿ. ಪಂಚನಾಮೆ, ನಕ್ಷೆ. ವೂಂಡ್ ಸರ್ಟಿಫಿಕೇಟ್. ಆರ್‌ಟಿಒ ಇನ್‌ಸ್ಪೆಕ್ಟರ ಗಾಡಿ ಪರೀಕ್ಷೆ ವರದಿ. ಚಾರ್ಜ್‌ಶೀಟ್. ಎದುರಿನ ಗಾಡಿಯ ಆರ್‌ಸಿ, ಪಾಲಿಸಿ, ಲೈಸೆನ್ಸ್ ಪ್ರತಿ. ಎಲ್ಲ ಒಪಿಡಿ ಚೀಟಿ. ಔಷಧಿ ಬಿಲ್ಲು, ಅಂಗಡಿ ಸೀಲಿನ ಜೊತೆ. ಫಿಸಿಯೋ ಹಾಜರಿ ಕಾರ್ಡು. ಆಟೋ ಖರ್ಚಿನ ದಿನವಹಿ. ಆಫೀಸಿನ ರಜೆ ಪತ್ರ, ಸಂಬಳ ಚೀಟಿ. ಮನೆ ನೋಡಿಕೊಳ್ಳುವ ಹೆಂಗಸರಿಗೂ ದುಡಿಮೆಯ ನಷ್ಟ ಕೇಳಬಹುದು. ಅಡುಗೆಗೆ ಆಳು ಇಟ್ಟಿದ್ದರೆ ಅವರಿಗೆ ಕೊಟ್ಟ ಹಣ ಫೋನ್‌ಪೇಯಲ್ಲೇ ಕೊಡಿ, ಗುರುತು ಉಳಿಯುತ್ತದೆ.

ಬಿಸಿಲಿಗೆ ಬಿಲ್ಲಿನ ಶಾಯಿ ಹಾರಿಹೋಗುತ್ತದೆ. ಏಪ್ರಿಲ್‌ನಲ್ಲಿ ಕಾರಿನ ಡ್ಯಾಷ್‌ಬೋರ್ಡ್ ಮೇಲೆ ಇಟ್ಟ ನಮ್ಮ ಮೂರು ಬಿಲ್ಲುಗಳು ಜೂನ್ ಹೊತ್ತಿಗೆ ಬರೀ ಬಿಳಿ ಕಾಗದ. ತಂದ ದಿನವೇ ಜೆರಾಕ್ಸ್ ಮಾಡಿಸಿ.