ಮಕ್ಕಳ ನೆಗಡಿ, ಕೆಮ್ಮಿಗೆ ಪ್ರೊಬಯಾಟಿಕ್: ಕೊಡುವುದಾದರೆ ಹೇಗೆ?

ಜೂನ್‌ನಲ್ಲಿ ಶಾಲೆ ತೆರೆದು ಮಳೆ ಹಿಡಿಯಿತೆಂದರೆ, ಶಿಶುವಿಹಾರಕ್ಕೆ ಹೋಗುವ ಮಗುವಿನ ಮೂಗು ಸೋರದ ವಾರ ಸಿಗುವುದು ಕಷ್ಟ. ಇಂಥ ಮಗುವಿಗೆ ಪ್ರೊಬಯಾಟಿಕ್, ಅಂದರೆ ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಉಪಕಾರ ಮಾಡುವ ಜೀವಂತ ಸೂಕ್ಷ್ಮಜೀವಿಗಳನ್ನು ಕೊಡಬಹುದೇ, ಕೊಡುವುದಾದರೆ ಹೇಗೆ ಎಂಬುದನ್ನು ಹಂತಹಂತವಾಗಿ ನೋಡೋಣ.

ಮೊದಲು ಉದ್ದೇಶ ಸ್ಪಷ್ಟವಾಗಿರಬೇಕು. ನುಂಗಿದ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೆ ಹೋಗಿ ವೈರಸ್ಸನ್ನು ಕೊಲ್ಲುವುದಿಲ್ಲ. ಅದು ಸಣ್ಣ ಕರುಳಿನ ಒಳಪದರದ ರಕ್ಷಣಾ ಕೋಶಗಳನ್ನು ಎಚ್ಚರಿಸುತ್ತದೆ. ಹಾಗೆ ಎಚ್ಚೆತ್ತ ಕೋಶಗಳಲ್ಲಿ ಕೆಲವು ರಕ್ತದ ಮೂಲಕ ಸಾಗಿ ಗಂಟಲು, ಶ್ವಾಸನಾಳಗಳ ಲೋಳೆಪೊರೆಯನ್ನು ಸೇರಿ ಅಲ್ಲಿನ ಕಾವಲನ್ನು ಬಿಗಿಗೊಳಿಸುತ್ತವೆ ಎಂಬುದು ವಿಜ್ಞಾನಿಗಳ ವಿವರಣೆ. ಇದಕ್ಕೆ ವಾರಗಳು ಹಿಡಿಯುವುದರಿಂದ, ನೆಗಡಿ ಬಂದ ದಿನ ಪೊಟ್ಟಣ ತರುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಕೊಡುವುದಿದ್ದರೆ ಮೇ ತಿಂಗಳಲ್ಲೇ ಆರಂಭಿಸಬೇಕು.

ಎರಡನೆಯ ಹಂತದಲ್ಲಿ ಅಪಾಯವನ್ನು ಬೇರ್ಪಡಿಸಿಕೊಳ್ಳಬೇಕು. ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡರಿಂದ ಹನ್ನೊಂದು ತಿಂಗಳವರೆಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರಾದರೆ ನ್ಯುಮೋನಿಯಾ ಶಂಕಿಸಬೇಕು. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ಪ್ರೊಬಯಾಟಿಕ್‌ಗೆ ಕೆಲಸವಿಲ್ಲ. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ 6 ವಾರ, 14 ವಾರ ಮತ್ತು 9 ತಿಂಗಳಿಗೆ ಉಚಿತವಾಗಿ ಸಿಗುವ ನ್ಯುಮೊಕಾಕಲ್ ಲಸಿಕೆಗೂ ಇದು ಬದಲಿಯಲ್ಲ.

ಮೂರನೆಯದು ತಳಿಯ ಆಯ್ಕೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಒಂದು ತಳಿಯ ಗುಣ ಅದೇ ಜಾತಿಯ ಇನ್ನೊಂದು ತಳಿಗೆ ಇರಬೇಕೆಂದೇನಿಲ್ಲ. ಹೆಚ್ಚು ಅಧ್ಯಯನಗೊಂಡದ್ದು ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ. ಕೊನೆಯ ಎರಡಕ್ಷರಗಳು ಅದನ್ನು ಬೇರ್ಪಡಿಸಿದ ಗೊರ್ಬಾಕ್ ಮತ್ತು ಗೋಲ್ಡಿನ್ ಎಂಬ ಅಮೆರಿಕದ ಸಂಶೋಧಕರ ಹೆಸರಿನವು. ಈ ತಳಿ ಬೆರೆಸಿದ ಹಾಲನ್ನು ಹೆಲ್ಸಿಂಕಿಯ ಶಿಶುಪಾಲನಾ ಕೇಂದ್ರಗಳ 571 ಮಕ್ಕಳ ಮೇಲೆ ಏಳು ತಿಂಗಳು ಪರೀಕ್ಷಿಸಿದ ವರದಿ 2001ರಲ್ಲಿ ಪ್ರಕಟವಾಯಿತು. ಅನಾರೋಗ್ಯದ ಗೈರುಹಾಜರಿ ಸಾದಾ ಹಾಲು ಕುಡಿದವರಲ್ಲಿ ಸರಾಸರಿ 5.8 ದಿನ, ಈ ಹಾಲು ಕುಡಿದವರಲ್ಲಿ 4.9 ದಿನ. ಇಡೀ ಚಳಿಗಾಲಕ್ಕೆ ಉಳಿದದ್ದು ಒಂದು ದಿನದಷ್ಟು ರಜೆ! ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2022ರ ಪರಾಮರ್ಶೆಯೂ ಸೋಂಕುಗಳು ಕಡಿಮೆಯಾಗಬಹುದು, ಆದರೆ ಸಾಕ್ಷ್ಯದ ಗುಣಮಟ್ಟ ಹೆಚ್ಚೆಂದರೆ ಮಧ್ಯಮ ಎಂದಿತು. ಲಾಭವಿದೆ, ಆದರೆ ಜಾಹೀರಾತು ಹೇಳುವಷ್ಟಿಲ್ಲ ಎಂಬುದು ನನ್ನ ಎಣಿಕೆ.

ನಮ್ಮ ದೇಶದ ಫಲಿತಾಂಶ ಇನ್ನೂ ಗಮನಾರ್ಹ. ಒಡಿಶಾದ ಹಳ್ಳಿಗಳ 4,556 ನವಜಾತ ಶಿಶುಗಳ ಮೇಲೆ ಪಿನಾಕಿ ಪಾಣಿಗ್ರಾಹಿ ಅವರ ತಂಡ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದರ ಆಹಾರವಾದ ಒಂದು ಬಗೆಯ ಸಕ್ಕರೆಯೊಡನೆ ಏಳು ದಿನ ಮಾತ್ರ ಕೊಡಲಾಯಿತು. ನಂಜು (ಮೈಗೆಲ್ಲ ಹರಡುವ ತೀವ್ರ ಸೋಂಕು) ಅಥವಾ ಸಾವಿನ ಪ್ರಮಾಣ ಶೇ 9ರಿಂದ ಶೇ 5.4ಕ್ಕೆ ಇಳಿಯಿತು, ಶ್ವಾಸಕೋಶದ ಸೋಂಕು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಯಿತು. ಆದರೆ ಅವು ಎರಡು ಕಿಲೋಗ್ರಾಂಗಿಂತ ಕಡಿಮೆ ತೂಗದ, ಎದೆಹಾಲು ಕುಡಿಯುತ್ತಿದ್ದ ಶಿಶುಗಳು. ಇದನ್ನು ನಂಬಿ ಅಂಗಡಿಯ ಯಾವುದೋ ಪುಡಿಯನ್ನು ಹಸುಗೂಸಿನ ಬಾಯಿಗೆ ಹಾಕುವಂತಿಲ್ಲ.

ಆದ್ದರಿಂದ ಲೇಬಲ್ಲಿನಲ್ಲಿ ಕುಲ, ಜಾತಿ, ತಳಿ ಮೂರೂ ಇವೆಯೇ ನೋಡಿ. 2020ರಲ್ಲಿ ಈ ಕುಲದ ಹೆಸರುಗಳು ಬದಲಾಗಿರುವುದರಿಂದ ರಾಮ್ನೋಸಸ್ ಈಗ ‘ಲ್ಯಾಕ್ಟಿಕೇಸಿಬ್ಯಾಸಿಲಸ್’ ಎಂಬ ಹೊಸ ಹೆಸರಿನಲ್ಲೂ ಕಾಣಬಹುದು, ಗಾಬರಿ ಬೇಡ. ಭಾರತದ ಆಹಾರ ಸುರಕ್ಷತಾ ನಿಯಮದಂತೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಲೇಬಲ್ಲಿನಲ್ಲಿ ಇದು ‘ಸಿಎಫ್‌ಯು’ ಎಂಬ ಅಳತೆಯಲ್ಲಿರುತ್ತದೆ. ಮನೆಯ ಮೊಸರು ಒಳ್ಳೆಯ ಆಹಾರವೇ, ಆದರೆ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಎಂದು ತಿಳಿಯದ ಕಾರಣ ಅದನ್ನು ಈ ಲೆಕ್ಕಕ್ಕೆ ಸೇರಿಸಲಾಗದು.

ಕೊಡುವ ಕ್ರಮ ಸರಳ. ಪುಡಿಯನ್ನು ತಣ್ಣಗಿನ ಅಥವಾ ಉಗುರುಬೆಚ್ಚಗಿನ ಹಾಲು, ನೀರಿನಲ್ಲಿ ಕದಡಿ ಕೂಡಲೇ ಕುಡಿಸಿ. ಬಿಸಿ ಗಂಜಿಗೆ ಬೆರೆಸಿದರೆ ಬಹುಪಾಲು ತಳಿಗಳು ಸಾಯುತ್ತವೆ. ವೈದ್ಯರು ಆ್ಯಂಟಿಬಯಾಟಿಕ್ ಕೊಟ್ಟಿದ್ದರೆ ಎರಡರ ನಡುವೆ ಎರಡು ಗಂಟೆಯಾದರೂ ಅಂತರವಿರಲಿ.

ಗಂಟಲು, ಮೂಗಿಗೇ ನೇರವಾಗಿ ಉಪಕಾರಿ ಬ್ಯಾಕ್ಟೀರಿಯಾ ಹಾಕುವ ಪ್ರಯತ್ನಗಳೂ ನಡೆದಿವೆ. ಸ್ವೀಡನ್ನಿನಲ್ಲಿ ಪದೇಪದೇ ಕಿವಿ ಸೋಂಕು ಬರುವ 108 ಮಕ್ಕಳ ಪೈಕಿ ಕೆಲವರ ಮೂಗಿಗೆ ಸ್ಟ್ರೆಪ್ಟೊಕಾಕಸ್ ತಳಿಗಳನ್ನು ಸಿಂಪಡಿಸಿದಾಗ, ಮೂರು ತಿಂಗಳ ನಂತರ ಅವರಲ್ಲಿ ಶೇ 42 ಮಂದಿ, ಉಳಿದವರಲ್ಲಿ ಶೇ 22 ಮಂದಿ ಆರೋಗ್ಯವಾಗಿದ್ದರು. ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ಮಜ್ಜಿಗೆಯ ತಿಳಿಯನ್ನು ಮೂಗಿಗೆ ಬಿಡುವ ಸಾಹಸ ಯಾರಿಗೂ ಬೇಡ.

ಅವಧಿಗೆ ಮುನ್ನ ಹುಟ್ಟಿದ ಶಿಶುಗಳು, ರೋಗನಿರೋಧಕ ಶಕ್ತಿ ಕುಗ್ಗಿದವರು, ರಕ್ತನಾಳದಲ್ಲಿ ಕೊಳವೆ ಅಳವಡಿಸಿಕೊಂಡ ಮಕ್ಕಳಿಗೆ ಈ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಪ್ರಾಣಕ್ಕೇ ಎರವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ, ಇಂಥ ಒಂದು ಶಿಶುವಿನ ಸಾವಿನ ಬಳಿಕ, ಅವಧಿಪೂರ್ವ ಶಿಶುಗಳ ಬಗ್ಗೆ ವೈದ್ಯರನ್ನೇ ಎಚ್ಚರಿಸಿತು.

ಆರೋಗ್ಯವಂತ ಮಗುವಿಗೆ ಮಕ್ಕಳ ವೈದ್ಯರನ್ನು ಕೇಳಿ ಆರಂಭಿಸಿದ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಜ್ವರ ಬಂದ ಮತ್ತು ಶಾಲೆ ತಪ್ಪಿದ ದಿನಗಳನ್ನು ಬರೆಯುತ್ತ ಹೋಗಿ. ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಬಹುದು. ಕೊಡುವುದನ್ನು ಬಿಟ್ಟ ಮೇಲೆ ಆ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಕರುಳಿನಿಂದ ತಾನಾಗಿಯೇ ಹೊರಟುಹೋಗುತ್ತದೆ.