ಸ್ಕಿಜೋಫ್ರೇನಿಯಾ ಇರುವವರ ಜೊತೆ ಮನೆಯಲ್ಲಿ ಮಾತಾಡುವುದು ಹೇಗೆ?

ಈ ಕಾಯಿಲೆ ಇರುವ ನಿಮ್ಮ ತಮ್ಮ ಕಾಫಿ ಚೆಲ್ಲಿದ ಅಂದುಕೊಳ್ಳಿ. "ಆಹಾ, ಎಂಥ ಜಾಣನೋ ನೀನು!" ಅಂದಿರಿ. ಅವನು ಅದನ್ನು ಹೊಗಳಿಕೆ ಅಂದುಕೊಳ್ಳಬಹುದು, ಇಲ್ಲವೇ ಮನೆಯವರೆಲ್ಲ ತನ್ನ ವಿರುದ್ಧ ಇದ್ದಾರೆ ಅಂತ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳಬಹುದು. ಇದು ಕೊಬ್ಬಲ್ಲ. ಈ ಕಾಯಿಲೆಯಲ್ಲಿ ಮುಖ ನೋಡಿ ಭಾವನೆ ಗುರುತಿಸುವುದು, ಎದುರಿನವರ ಮನಸ್ಸಲ್ಲಿ ಏನಿದೆ ಅಂತ ಊಹಿಸುವುದು ಮೆದುಳಿಗೇ ಕಷ್ಟ. ಮಾತ್ರೆಯಿಂದ, ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ಕೇಳುವ ದನಿಗಳು ಕಡಿಮೆಯಾದರೂ ಇದು ಅಷ್ಟಾಗಿ ಸುಧಾರಿಸುವುದಿಲ್ಲ. ಹಾಗಂತ ಮಾತ್ರೆ ನಿಲ್ಲಿಸಿಬಿಡಬೇಡಿ ಮತ್ತೆ!

ಮೊದಲು ಕೊಂಕು ಮಾತು ಬಿಡಿ. "ನನಗೆ ತಲೆನೋವು, ಅದಕ್ಕೇ ಮುಖ ಹೀಗಿದೆ, ನಿನ್ನ ಮೇಲೆ ಕೋಪ ಇಲ್ಲ" ಅಂತ ಬಾಯಿಬಿಟ್ಟು ಹೇಳಿ. ಒಂದು ಸಲಕ್ಕೆ ಒಂದೇ ವಿಷಯ. ಉತ್ತರಕ್ಕೆ ಸ್ವಲ್ಪ ಕಾಯಿರಿ.

ಧಾರಾವಾಹಿ ನೋಡುವಾಗ ಸುಮ್ನೆ ಕೇಳಿ, "ಆ ಅತ್ತೆಗೆ ಯಾಕೆ ಸಿಟ್ಟು ಬಂತು?" ಅಲ್ಲಿ ಕ್ಯಾಮೆರಾ ಒಂದೇ ಮುಖಕ್ಕೆ ಮೂರು ಸಲ ಹೋಗುತ್ತಲ್ವಾ, ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ಪರೀಕ್ಷೆ ಮಾಡಿದ ಹಾಗೆ ಕೇಳಬೇಡಿ.

ಹೀಗೆ ಬೇರೆಯವರ ಭಾವನೆ ಗುರುತಿಸುವುದಕ್ಕೆ ತರಬೇತಿಯೂ ಇದೆ, ಡಾಕ್ಟರನ್ನು ಕೇಳಿ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.