ಬಾವು ಇರುವವರೇ ನಡೆಸುವ ಸಂಸ್ಥೆ: ಟ್ರಸ್ಟಿ ಮಂಡಳಿ ಕಟ್ಟಿದ ನನ್ನ ಅನುಭವ

ಲಿಂಫೆಡಿಮಾ ಎಂಬ ಈ ಬಾವು ಬಂದು ಹೋಗುವ ಕಾಯಿಲೆಯಲ್ಲ. ಅಂಗಾಂಶದ ದ್ರವವನ್ನು (ದುಗ್ಧರಸ) ಸಾಗಿಸುವ ದುಗ್ಧನಾಳಗಳು ಹುಟ್ಟಿನಿಂದಲೇ ಸರಿಯಿಲ್ಲದಿದ್ದರೆ, ಇಲ್ಲವೇ ಸ್ತನ ಕ್ಯಾನ್ಸರಿನ ಆಪರೇಷನ್ನಿನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದಿದ್ದರೆ, ಕೈಯೋ ಕಾಲೋ ಊದಿಕೊಂಡು ಹಾಗೆಯೇ ಉಳಿದುಬಿಡುತ್ತದೆ. ಬ್ರಿಟನ್ನಿನಲ್ಲಿ ಈ ರೋಗಿಗಳ ರಾಷ್ಟ್ರೀಯ ಸಂಸ್ಥೆ ಲಿಂಫೆಡಿಮಾ ಸಪೋರ್ಟ್ ನೆಟ್‌ವರ್ಕ್ ಶುರುವಾದದ್ದು 1991ರಲ್ಲಿ. ಚಿಕಿತ್ಸಕರ ಸಂಘವಾದ ಬ್ರಿಟಿಷ್ ಲಿಂಫಾಲಜಿ ಸೊಸೈಟಿ ಅದರಿಂದ ಪ್ರತ್ಯೇಕ. ಅದೇ ದಾರಿಯಲ್ಲಿ ನಡೆಯುವ ಇನ್ನೊಂದು ಸಣ್ಣ ಸಂಸ್ಥೆಯ ಮಂಡಳಿಯನ್ನು ನಾವು ಕೆಲವರು ಕಟ್ಟಿ ನಡೆಸಿದ ಕ್ರಮ ಇಲ್ಲಿದೆ. ರೋಗಿಗಳೇ ಸೇರಿ ಸಂಸ್ಥೆ ಕಟ್ಟಬೇಕೆಂದಿರುವ ಯಾರಿಗಾದರೂ ಇದು ಉಪಯೋಗಕ್ಕೆ ಬಂದೀತು.

ಮೊದಲನೆಯದು, ಮೇಜಿನ ಸುತ್ತ ಯಾರು ಕೂರಬೇಕು ಎಂಬುದು. ಕನಿಷ್ಠ ಮೂವರು ಟ್ರಸ್ಟಿಗಳಿರಬೇಕೆಂದು ಇಂಗ್ಲೆಂಡ್ ಮತ್ತು ವೇಲ್ಸಿನ ದತ್ತಿ ಸಂಸ್ಥೆಗಳ ನಿಯಂತ್ರಕವಾದ ಚಾರಿಟಿ ಕಮಿಷನ್ ಸಲಹೆ ಕೊಡುತ್ತದೆ. ನಾವು ಒಂಬತ್ತಕ್ಕೆ ನಿಲ್ಲಿಸಿದೆವು. ಹನ್ನೆರಡು ದಾಟಿದರೆ ಅರ್ಧ ಜನ ಕೇಳುಗರಾಗಿಬಿಡುತ್ತಾರೆ. ಒಂಬತ್ತರಲ್ಲಿ ಐವರಿಗೆ ಬಾವು ಇರಲೇಬೇಕು ಎಂದು ನಿಯಮಾವಳಿಯಲ್ಲೇ ಬರೆದೆವು. ಆ ಐವರೂ ಒಂದೇ ಬಗೆಯವರಾಗಬಾರದು. ಹುಟ್ಟಿನಿಂದ ಬಂದವರು ಒಬ್ಬರು, ಕ್ಯಾನ್ಸರ್ ಚಿಕಿತ್ಸೆಯ ನಂತರ ಬಂದವರು ಒಬ್ಬರು, ಎರಡೂ ಕಾಲು ಊದಿದವರು ಒಬ್ಬರು ಇರಬೇಕು. ಬಾವು ಇರುವ ಮಗುವಿನ ತಾಯಿಯೋ ತಂದೆಯೋ ಬಂದರೆ ಅವರನ್ನೂ ಈ ಐವರಲ್ಲೇ ಎಣಿಸಿದೆವು. ಇದನ್ನು ಬರೆಯದಿದ್ದರೆ ಏನಾಗುತ್ತದೆಂದರೆ, ಸ್ತನ ಕ್ಯಾನ್ಸರ್ ಗುಂಪುಗಳಿಂದ ಬಂದವರಿಗೆ ಸಂಘಟನೆಯ ಅಭ್ಯಾಸ ಮೊದಲೇ ಇರುವುದರಿಂದ ಕೈ ಬಾವಿನ ಮಾತೇ ಸಭೆಯನ್ನು ತುಂಬಿಕೊಳ್ಳುತ್ತದೆ. ಕಾಲಿನವರು ಸುಮ್ಮನಾಗುತ್ತಾರೆ. ಉಳಿದ ನಾಲ್ಕು ಸ್ಥಾನ ಖಜಾಂಚಿ, ಕಾನೂನು ಬಲ್ಲವರು, ಸ್ವಯಂಸೇವಕರನ್ನು ನಿಭಾಯಿಸಬಲ್ಲವರು ಮತ್ತು ಪ್ರಚಾರ ಬಲ್ಲವರಿಗೆ.

ಸಭೆಯ ಕೋಣೆಯ ವಿಷಯವನ್ನು ಎಲ್ಲರೂ ಸಣ್ಣದೆಂದು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಅದು ನಿಯಮಾವಳಿಯಷ್ಟೇ ಮುಖ್ಯ. ಬೆಳಗ್ಗೆ ಎದ್ದು ಚರ್ಮಕ್ಕೆ ಕ್ರೀಮು ಹಚ್ಚಿ, ಕಂಪ್ರೆಷನ್ ಸ್ಟಾಕಿಂಗ್ (ಬಾವನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ) ಏರಿಸಿಕೊಳ್ಳಲು ಅಥವಾ ಬ್ಯಾಂಡೇಜು ಸುತ್ತಿಕೊಳ್ಳಲು ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆದ್ದರಿಂದ ಸಭೆ 11 ಗಂಟೆಗೆ ಮೊದಲು ಬೇಡ. ಒಂದೇ ಸಮನೆ 45 ನಿಮಿಷಕ್ಕಿಂತ ಹೆಚ್ಚು ಕೂರಿಸಬಾರದು, ಏಕೆಂದರೆ ಕಾಲಿನ ಸ್ನಾಯು ಆಡದಿದ್ದರೆ ದುಗ್ಧರಸವನ್ನು ಮೇಲಕ್ಕೆ ತಳ್ಳುವ ಪಂಪೇ ನಿಂತಂತೆ. ಕೈಯಿಲ್ಲದ, ಭಾರ ತಾಳುವ, ಅಗಲದ ಕುರ್ಚಿಗಳು ಕನಿಷ್ಠ ನಾಲ್ಕು ಬೇಕು. ಪ್ರತಿ ಕುರ್ಚಿಗೂ ಕಾಲು ಚಾಚಲು ಒಂದು ಸ್ಟೂಲು. ಕೋಣೆ ಬಿಸಿಯಾಗಿರಬಾರದು, ಸೆಖೆಗೆ ಬಾವು ಹೆಚ್ಚುತ್ತದೆ. ಲಿಫ್ಟು ಕೆಲಸ ಮಾಡುತ್ತಿದೆಯೇ ಎಂದು ಹಿಂದಿನ ದಿನ ಫೋನು ಮಾಡಿ ಕೇಳುವುದು ಕಾರ್ಯದರ್ಶಿಯ ಹೊಣೆ. ಟ್ರಸ್ಟಿಗಳಿಗೆ ಸಂಬಳವಿಲ್ಲ, ಆದರೆ ಪ್ರಯಾಣದ ಖರ್ಚು ಕೊಡಬಹುದು. ಜೊತೆಗೆ ಬರುವ ಮನೆಯವರ ಟಿಕೆಟ್ಟಿನ ಹಣವನ್ನೂ ಖರ್ಚಿನ ನೀತಿಯಲ್ಲಿ ಸೇರಿಸಿ ಬರೆಯಿರಿ. ಬರೆದಿಲ್ಲದಿದ್ದರೆ ಯಾರೂ ಕೇಳುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ.

ಈ ಕಾಯಿಲೆಯವರಿಗೆ ಸೆಲ್ಯುಲೈಟಿಸ್ ಎಂಬ ಚರ್ಮದ ಸೋಂಕು ಯಾವಾಗ ಬೇಕಾದರೂ ಬರಬಹುದು. ಮಧ್ಯಾಹ್ನ ಚೆನ್ನಾಗಿದ್ದವರು ರಾತ್ರಿ ಚಳಿಜ್ವರದಿಂದ ಆಸ್ಪತ್ರೆ ಸೇರುತ್ತಾರೆ. ಹಾಗಾಗಿ ಅಧ್ಯಕ್ಷರು, ಖಜಾಂಚಿ, ಕಾರ್ಯದರ್ಶಿ ಮೂವರಿಗೂ ಒಬ್ಬೊಬ್ಬ ಉಪ ಇರಲೇಬೇಕು. ಹೆಸರಿಗಷ್ಟೇ ಅಲ್ಲ, ವರ್ಷಕ್ಕೆ ಒಂದು ಸಭೆಯನ್ನು ಉಪಾಧ್ಯಕ್ಷರೇ ನಡೆಸಬೇಕು. ಬ್ಯಾಂಕಿನಲ್ಲಿ ನಾಲ್ವರ ಹೆಸರು, ಪ್ರತಿ ಪಾವತಿಗೂ ಅವರಲ್ಲಿ ಇಬ್ಬರ ಒಪ್ಪಿಗೆ. ಇಬ್ಬರ ಹೆಸರಷ್ಟೇ ಇಟ್ಟರೆ ಒಬ್ಬರು ಹಾಸಿಗೆ ಹಿಡಿದ ವಾರವೇ ಬಾಡಿಗೆ ಕಟ್ಟಲಾಗದೆ ನಿಲ್ಲುತ್ತದೆ.

ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿಯ ಲೆಕ್ಕದಲ್ಲಿ ಹೊಸಬರು ಮಾಡುವ ತಪ್ಪು ಎರಡು. ಬರಲಾಗದ ಟ್ರಸ್ಟಿಯ ಪರವಾಗಿ ಇನ್ನೊಬ್ಬರು ಮತ ಹಾಕಬಹುದೆಂದು ತಿಳಿಯುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಅವಕಾಶವಿಲ್ಲ, ತೀರ್ಮಾನ ತಾವೇ ತೆಗೆದುಕೊಳ್ಳಬೇಕು. ಎರಡನೆಯದು, ವಿಡಿಯೊದಲ್ಲಿ ಸೇರಿದರೆ ಹಾಜರಿ ಎಂದು ನಿಯಮಾವಳಿಯಲ್ಲಿ ಬರೆಯದೆ ವಿಡಿಯೊದಲ್ಲೇ ಸಭೆ ನಡೆಸುವುದು. ಮುಂದೆ ಆ ತೀರ್ಮಾನದ ಬಗ್ಗೆ ತಕರಾರು ಬಂದಾಗ ನಡಾವಳಿಗೆ ಬಲವಿರುವುದಿಲ್ಲ. ಈ ಒಂದು ಸಾಲನ್ನು ನೋಂದಣಿಗೆ ಮೊದಲೇ ಸೇರಿಸಿ.

ವೈದ್ಯರನ್ನೂ ಚಿಕಿತ್ಸಕರನ್ನೂ ಮಂಡಳಿಯೊಳಗೆ ತೆಗೆದುಕೊಳ್ಳಬೇಕೇ? ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ತನಗೆ ಬ್ಯಾಂಡೇಜು ಕಟ್ಟುವವರ ಎದುರು ಕೂತು ಸೇವೆ ಸರಿಯಿಲ್ಲ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅವರಿಗಾಗಿ ಪ್ರತ್ಯೇಕ ಸಲಹಾ ಸಮಿತಿ ಮಾಡಿದೆವು. ಅದಕ್ಕೆ ಮತವಿಲ್ಲ, ಆದರೆ ವೈದ್ಯಕೀಯ ವಿಷಯದ ಒಂದು ಸಾಲೂ ಅವರಲ್ಲಿ ಇಬ್ಬರು ಓದಿ ಒಪ್ಪದೆ ಅಚ್ಚಾಗುವುದಿಲ್ಲ. ರೋಗಿಗಳೂ ವೈದ್ಯರೂ ಹೀಗೆ ಸಮಾನವಾಗಿ ನಿಂತಾಗ ಏನು ಸಾಧ್ಯ ಎಂಬುದಕ್ಕೆ, ಮೊದಲಲ್ಲಿ ಹೇಳಿದ ರೋಗಿಗಳ ರಾಷ್ಟ್ರೀಯ ಸಂಸ್ಥೆಯೂ ಚಿಕಿತ್ಸಕರ ಸಂಘವೂ ಜೊತೆಯಾಗಿ ಹೊರತಂದ ಸೆಲ್ಯುಲೈಟಿಸ್ ಮಾರ್ಗಸೂಚಿಯೇ ಸಾಕ್ಷಿ. ಬಾವಿಲ್ಲದವರಿಗೆ ಐದೋ ಏಳೋ ದಿನದ ಆಂಟಿಬಯೋಟಿಕ್ ಸಾಕಾಗಬಹುದು. ಬಾವಿರುವ ಅಂಗಕ್ಕೆ ಕನಿಷ್ಠ 14 ದಿನ ಬೇಕು ಎಂದು ಅದು ಹೇಳುತ್ತದೆ. ಆ ಕಾಗದ ಕೈಯಲ್ಲಿದ್ದರೆ ರೋಗಿ ತನ್ನ ಜಿಪಿ (ಕುಟುಂಬ ವೈದ್ಯ) ಬಳಿ ವಾದ ಮಾಡಬೇಕಾಗಿಲ್ಲ, ತೋರಿಸಿದರೆ ಸಾಕು.

ಕಂಪನಿಗಳ ಹಣದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಸ್ಟಾಕಿಂಗ್, ತೋಳಿನ ಸ್ಲೀವ್, ಬಾವು ಇಳಿಸುವ ಪಂಪು ತಯಾರಿಸುವವರಿಗೆ ನಮ್ಮ ಸದಸ್ಯರೇ ಗಿರಾಕಿಗಳು. ಯಾವುದೇ ಒಂದು ಕಂಪನಿಯಿಂದ ವರ್ಷದ ಆದಾಯದ 10%ಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು, ಕರಪತ್ರದ ಮೇಲೆ ಅವರ ಗುರುತು ಹಾಕಬಾರದು ಎಂದು ನಿಶ್ಚಯಿಸಿದೆವು. ಪ್ರತಿ ಸಭೆಯ ಕಾರ್ಯಸೂಚಿಯಲ್ಲಿ ಮೊದಲ ಬಾಬು ಹಿತಾಸಕ್ತಿ ಘೋಷಣೆ. ಸಂಬಂಧವಿರುವವರು ಆ ವಿಷಯ ಬಂದಾಗ ಕೋಣೆಯಿಂದ ಹೊರಗೆ ಹೋಗಬೇಕು, ಹೋದದ್ದನ್ನು ನಡಾವಳಿಯಲ್ಲಿ ಬರೆಯಬೇಕು.

ಕರಪತ್ರದಲ್ಲಿ ಪದೇ ಪದೇ ನುಸುಳುವ ತಪ್ಪು ಸ್ಟಾಕಿಂಗಿನ ಕ್ಲಾಸು, ಅಂದರೆ ಬಿಗಿಯ ದರ್ಜೆ. ಬ್ರಿಟಿಷ್ ಮಾನದಂಡದಲ್ಲಿ ಕ್ಲಾಸ್ 2 ಎಂದರೆ 18–24 ಮಿ.ಮೀ. ಪಾದರಸದ ಒತ್ತಡ, ಜರ್ಮನಿಯ ಆರ್‌ಎಎಲ್ ಮಾನದಂಡದಲ್ಲಿ ಕ್ಲಾಸ್ 2 ಎಂದರೆ 23–32. ಬರಿ ಕ್ಲಾಸ್ 2 ಎಂದು ಬರೆದರೆ ರೋಗಿಗೆ ಬೇಕಾದ್ದಕ್ಕಿಂತ ಸಡಿಲವಾದದ್ದೋ ಬಿಗಿಯಾದದ್ದೋ ಸಿಗುತ್ತದೆ. ಕ್ಲಾಸಿನ ಪಕ್ಕದಲ್ಲಿ ಮಿ.ಮೀ. ಅಂಕಿ ಇಲ್ಲದ ಯಾವ ಕರಡನ್ನೂ ಒಪ್ಪಬೇಡಿ.

ಸಹಾಯವಾಣಿ ನಡೆಸುವವರು ಔಷಧದ ಪ್ರಮಾಣ ಹೇಳುವುದಿಲ್ಲ, ರೋಗ ಯಾವುದೆಂದೂ ಹೇಳುವುದಿಲ್ಲ. ಆದರೆ ಎರಡು ಮಾತಿಗೆ ಅವರ ಕಿವಿ ತಟ್ಟನೆ ನಿಮಿರಬೇಕು. ಕೆಂಪು ಹರಡುತ್ತಿದೆ, ಮುಟ್ಟಿದರೆ ಬಿಸಿ, ಮೈ ನಡುಕ ಎಂದರೆ ಅದೇ ದಿನ ವೈದ್ಯರಲ್ಲಿಗೆ. ಒಂದೇ ಕಾಲು ಹಠಾತ್ತನೆ ಊದಿ ಉಸಿರು ಕಟ್ಟುತ್ತಿದೆ ಅಥವಾ ಎದೆ ನೋಯುತ್ತಿದೆ ಎಂದರೆ ಫೋನಿಟ್ಟು ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಲು ಹೇಳಬೇಕು. ಇದು ಫೋನಿನ ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ. ಇನ್ನು ನೀರು ಕಡಿಮೆ ಕುಡಿದರೆ ಬಾವು ಇಳಿಯುತ್ತದೆ, ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದರೆ ಹೋಗುತ್ತದೆ ಎಂಬ ನಂಬಿಕೆಗಳು ವಾರವಾರ ಬರುತ್ತವೆ. ಎರಡೂ ತಪ್ಪು. ಲಿಂಫೆಡಿಮಾದ ದ್ರವದಲ್ಲಿ ಪ್ರೋಟೀನು ಇದೆ. ಮಾತ್ರೆ ನೀರನ್ನಷ್ಟೇ ಎಳೆಯುತ್ತದೆ. ಬೇರೆ ಕಾಯಿಲೆಗೆಂದು ವೈದ್ಯರು ಕೊಟ್ಟ ಅಂಥ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ಸರ್ಕಾರದ ಎದುರು ದನಿ ಎತ್ತುವ ಮುನ್ನ ಅಂಕಿ ಬೇಕು. ಇಂಗ್ಲೆಂಡಿನಲ್ಲಿ ಆರೋಗ್ಯ ಸೇವೆಯನ್ನು ಪ್ರದೇಶವಾರು ಮಂಡಳಿಗಳು ಕೊಳ್ಳುತ್ತವೆ. 2022ರಲ್ಲಿ ಅವು 42 ಇದ್ದವು. 2000ನೇ ಇಸವಿಯ ಮಾಹಿತಿ ಹಕ್ಕಿನ ಕಾಯ್ದೆಯಡಿ ಕೇಳಿದರೆ 20 ಕೆಲಸದ ದಿನಗಳೊಳಗೆ ಉತ್ತರ ಬರಬೇಕು. ಪ್ರಶ್ನೆ ಕೇಳುವ ರೀತಿಯಲ್ಲೇ ಎಲ್ಲ ಇದೆ. ನಿಮ್ಮಲ್ಲಿ ಲಿಂಫೆಡಿಮಾ ಸೇವೆ ಇದೆಯೇ ಎಂದು ಕೇಳಿದರೆ ಇದೆ ಎಂಬ ಉತ್ತರ ಸುಲಭವಾಗಿ ಬರುತ್ತದೆ, ಏಕೆಂದರೆ ಕ್ಯಾನ್ಸರ್ ರೋಗಿಗಳಿಗಷ್ಟೇ ಇದ್ದರೂ ಅದು ಸುಳ್ಳಲ್ಲ. ಹೀಗೆ ಒಡೆದು ಕೇಳಿ: ಕ್ಯಾನ್ಸರಿಗೆ ಸಂಬಂಧಿಸದ ಬಾವಿಗೆ ಇದೆಯೇ? ಮಕ್ಕಳಿಗೆ? ತೂಕದ ಮಿತಿ ಹಾಕಿದ್ದೀರಾ? ಮೊದಲ ಭೇಟಿಗೆ ಎಷ್ಟು ವಾರ ಕಾಯಬೇಕು? ಬಂದ ಉತ್ತರಗಳನ್ನು ನಕ್ಷೆಯ ಮೇಲೆ ಬಣ್ಣ ಹಚ್ಚಿ ಸಂಸದರಿಗೆ ಕಳಿಸಿದರೆ ಹತ್ತು ಪುಟದ ಮನವಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಹಣದ ಕಡೆ ನಿಯಮಗಳು ಸ್ಪಷ್ಟವಾಗಿವೆ. ಲೆಕ್ಕದ ವರ್ಷ ಮುಗಿದ 10 ತಿಂಗಳೊಳಗೆ ಕಮಿಷನ್ನಿಗೆ ವಾರ್ಷಿಕ ವರದಿ. ತೆರಿಗೆ ಕಟ್ಟುವ ದಾನಿ ಗಿಫ್ಟ್ ಏಡ್ ಘೋಷಣೆ ಕೊಟ್ಟರೆ 100 ಪೌಂಡಿಗೆ ಸರ್ಕಾರದಿಂದ ಇನ್ನು 25 ಬರುತ್ತದೆ. ಘೋಷಣೆಯ ದಾಖಲೆ ಕಳೆದುಕೊಂಡರೆ ತಪಾಸಣೆಯಲ್ಲಿ ಆ ಹಣ ವಾಪಸು ಕೊಡಬೇಕಾಗಬಹುದು. ಮಕ್ಕಳ ಶಿಬಿರಕ್ಕೆಂದು ಬಂದ ಅನುದಾನವನ್ನು ಮುದ್ರಣಕ್ಕೆ ಬಳಸಿದರೆ, ಉದ್ದೇಶ ಎಷ್ಟೇ ಒಳ್ಳೆಯದಾದರೂ, ಅದು ನಂಬಿಕೆ ದ್ರೋಹವೆಂದೇ ಲೆಕ್ಕ.

ಇತ್ತ ನಮ್ಮ ಕರ್ನಾಟಕದಲ್ಲಿ ಇಂಥದ್ದೊಂದು ಕಟ್ಟಬೇಕೆಂದು ಕೇಳುವವರಿಗೆ ಎರಡು ಮಾತು. ಆನೆಕಾಲು ತರುವ ಫೈಲೇರಿಯಾ ರೋಗವಿರುವ ಕಲಬುರಗಿ ಕಡೆಯಂತಹ ಪ್ರದೇಶದಲ್ಲಿ, ಕ್ಯಾನ್ಸರ್ ಆಸ್ಪತ್ರೆಯ ಸುತ್ತ ಸೇರಿದ ಗುಂಪೊಂದೇ ಸಾಲದು. ಆನೆಕಾಲು ಇರುವವರೂ ಮಂಡಳಿಯಲ್ಲಿರಬೇಕು. ಕನ್ನಡಿಗರು ಬಹಳಷ್ಟಿರುವ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆಯುರ್ವೇದ, ಯೋಗ, ಬ್ಯಾಂಡೇಜು ಸೇರಿಸಿ ಕಾಲು ಬಾವಿಗೆ ಚಿಕಿತ್ಸೆ ಕೊಡುತ್ತಾ ಬಂದಿದೆ. ಮನೆಯಲ್ಲೇ ಮಾಡಿಕೊಳ್ಳುವ ಆರೈಕೆ ಕಲಿಯಲು ಅಲ್ಲಿಗೆ ಹೋಗಿ ನೋಡಿ. ವಿದೇಶದ ಹಣಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ಖಾತೆ ಬೇಕು. ಅದಾಗುವವರೆಗೆ ವಿದೇಶಿ ದಾನಿಗಳಿಂದ ಒಂದು ರೂಪಾಯಿಯನ್ನೂ ಟ್ರಸ್ಟಿನ ಖಾತೆಗೆ ಹಾಕಿಸಿಕೊಳ್ಳಬೇಡಿ.

ಕನ್ನಡದ ಕರಪತ್ರ ಬರೆಯುವಾಗ ಸ್ತನ ಕ್ಯಾನ್ಸರ್ ಆದವರಿಗೆ ಆನೆಕಾಲು ಎಂಬ ಪದ ಬಳಸಬೇಡಿ. ಅದನ್ನು ಕೇಳಿದ ಕೂಡಲೇ ಸೊಳ್ಳೆ, ಅಂಟುಜಾಡ್ಯ ಎಂದೆಲ್ಲ ಮನೆಯವರು ಹೆದರುತ್ತಾರೆ. ಕೈ ಬಾವು ಎನ್ನಿ, ವೈದ್ಯರಿಗೆ ತೋರಿಸಲು ಪಕ್ಕದಲ್ಲೇ ಲಿಂಫೆಡಿಮಾ ಎಂದು ಬರೆಯಿರಿ. ಅದರ ಕೆಳಗೆ, ಎರಡನೇ ಸಾಲಿನಲ್ಲೇ, ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿ.